ಅಂಟಾರ್ಕ್ಟಿಕಾ "ಪಿರಮಿಡ್" ಫಾರ್ವರ್ಡ್: ಆ ಬೆಟ್ಟಸಾಲು ಎಲ್ಲಿದೆ, ಅದರ ಅಸಲಿ ಕಥೆ ಏನು?

ತೆಂಗಿನಗರಿ:
ಎಲ್ರಿಗೂ ನಮಸ್ಕಾರ, ಒಂದ್ ಪ್ರಶ್ನೆ. ನಮ್ ಫ್ಯಾಮಿಲಿ ಗ್ರೂಪಲ್ಲಿ ಒಂದ್ ಫೋಟೋ ಓಡಾಡ್ತಾ ಇದೆ, ಅಂಟಾರ್ಕ್ಟಿಕಾ ಹಿಮದ ಮಧ್ಯೆ ನೀಟಾಗಿ ನಾಕು ಮೂಲೆ ಇರೋ ಪಿರಮಿಡ್ಡು, ಕೆಳಗೆ "ಹತ್ತು ಸಾವಿರ ವರ್ಷದ ಹಿಂದಿನ ನಾಗರಿಕತೆ, ಸರ್ಕಾರಗಳು ಮುಚ್ಚಿಟ್ಟಿವೆ, ಅಲ್ಲಿಗೆ ಯಾರನ್ನೂ ಬಿಡಲ್ಲ" ಅಂತ. ನಮ್ ದೊಡ್ಡಪ್ಪ ಅಂತೂ ಇದು ಮಯಾಸುರನ ಕೈಕೆಲಸಾನೇ ಅಂತ ತೀರ್ಮಾನ ಮಾಡಿ ಕೂತಿದ್ದಾರೆ. ಗೂಗಲ್ ಅರ್ಥಲ್ಲಿ ಹುಡುಕಿದ್ರೆ ಬೆಟ್ಟ ಇರೋದಂತೂ ನಿಜ, 80 ಡಿಗ್ರಿ ದಕ್ಷಿಣ, 82 ಡಿಗ್ರಿ ಪಶ್ಚಿಮದ ಹತ್ರ ಬರತ್ತೆ, ಎಲ್ಸ್‌ವರ್ತ್ ಮೌಂಟನ್ಸ್ ಅಂತ ತೋರಿಸ್ತು. ಈ ಬೆಟ್ಟಸಾಲಿನ ಬಗ್ಗೆ ಗೊತ್ತಿರೋರು ಸ್ವಲ್ಪ ಹೇಳಿ. ಸುತ್ತ ಏನಿದೆ, ಎಷ್ಟು ದೊಡ್ಡದು, ಆ ಆಕಾರ ಹೆಂಗೆ ಬಂತು?

ಬೆಣ್ಣೆದೋಸೆ_ಬಾಯ್:
ಮಯಾಸುರ ಇಂದ್ರಪ್ರಸ್ಥ ಕಟ್ಟಿ ಸುಸ್ತಾಗಿ ಎಸಿ ಹುಡ್ಕೊಂಡು ಹೋಗಿರ್ಬೇಕು 😂

ಕಲ್ಲುಬಂಡೆ:
ಜಿಯಾಲಜಿ ಓದಿದವನು, ಅದಕ್ಕೆ ಸ್ವಲ್ಪ ಉದ್ದ ಆಗತ್ತೆ, ತಡ್ಕೊಳಿ.

ಆ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1265 ಮೀಟರ್. ಸುತ್ತ ಇರೋ ಹಿಮಾನೇ ಎತ್ತರದಲ್ಲಿ ಇರೋದ್ರಿಂದ ಕಣ್ಣಿಗೆ ಕಾಣೋದು ಮೇಲಿನ ಭಾಗ ಅಷ್ಟೇ. ಆಕಾರಕ್ಕೆ ಕಾರಣ ಹಿಮ. ಒಂದ್ ಬೆಟ್ಟದ ನಾಕು ಕಡೆ ಹಿಮನದಿಗಳು ಹುಟ್ಟಿ ಪ್ರತಿಯೊಂದೂ ತನ್ನ ಕಡೆ ಇರೋ ಇಳಿಜಾರನ್ನ ಬಟ್ಟಲು ಥರ ಕೊರೀತಾ ಹಿಂದಕ್ಕೆ ಸರಿತಾ ಹೋದ್ರೆ ಮಧ್ಯೆ ಚೂಪಾಗಿ ಒಂದ್ ಕೊಂಬು ಉಳ್ಕೊಳ್ಳತ್ತೆ. ಜೊತೆಗೆ ಬಂಡೆಯ ಬಿರುಕಲ್ಲಿ ನೀರು ಇಳಿದು, ಹೆಪ್ಪುಗಟ್ಟಿ, ಹಿಗ್ಗಿ ಚಕ್ಕೆ ಚಕ್ಕೆಯಾಗಿ ಒಡೆಯತ್ತೆ. ಆಲ್ಪ್ಸ್‌ನ ಮ್ಯಾಟರ್‌ಹಾರ್ನ್ ಆಗಿದ್ದೂ ಹಿಂಗೇ, ಅದನ್ನ ಯಾರೂ ಕಟ್ಟಿದ್ದು ಅನ್ನಲ್ಲ. ಇಲ್ಲಿ ಜನ ಇಲ್ಲ, ಅದಕ್ಕೆ ಕಥೆ ಕಟ್ಟೋಕೆ ಸುಲಭ.

"ಯಾರನ್ನೂ ಬಿಡಲ್ಲ" ಅನ್ನೋದಂತೂ ಶುದ್ಧ ಸುಳ್ಳು. ಆ ಪಿರಮಿಡ್ಡಿಂದ 50 ಕಿಲೋಮೀಟರ್ ಒಳಗೇ ಪೇಟ್ರಿಯಟ್ ಹಿಲ್ಸ್ ಅಂತ ಜಾಗ, ಅಲ್ಲಿ 1980ರ ದಶಕದಿಂದ ಪ್ರವಾಸಿಗಳನ್ನ ಇಳಿಸೋ ಕ್ಯಾಂಪ್ ಇತ್ತು. 2010ರ ಹೊತ್ತಿಗೆ ಅದನ್ನ ಅದೇ ಸಾಲಿನ ಯೂನಿಯನ್ ಗ್ಲೇಸಿಯರ್ ಅನ್ನೋ ಹಿಮನದಿ ಮೇಲಕ್ಕೆ ಶಿಫ್ಟ್ ಮಾಡಿದ್ರು. ಇಡೀ ಖಂಡದಲ್ಲಿ ದುಡ್ಡು ಕೊಟ್ಟವರು ಯಾರಾದ್ರೂ ಹೋಗಬಹುದಾದ ಒಳನಾಡಿನ ಜಾಗ ಅಂತ ಹುಡುಕಿದ್ರೆ ಮೊದಲು ಸಿಗೋದೇ ಈ ಬೆಟ್ಟಸಾಲು!

ಹುಬ್ಬಳ್ಳಿ_ಹೈದ:
ಅಲ್ರೀ ಹಿಂಗ ಹೇಳಿದ್ರ ದೊಡ್ಡಪ್ಪಗೋಳು ಕೇಳ್ತಾರೇನ್ರಿ? "ಆ ಕ್ಯಾಂಪಿನವ್ರೂ ಅವ್ರ ಕಡೀನವ್ರ" ಅಂತಾರ ನೋಡ್ರಿ.

ಮೂರ್ತಿ_ಮೇಷ್ಟ್ರು:
ಸಾಲಿನ ಭೂಗೋಳ ಕೇಳಿದ್ರಲ್ಲ, ಅದನ್ನ ಮೊದಲು ಸರಿಯಾಗಿ ನೋಡೋಣ. ಪಶ್ಚಿಮ ಅಂಟಾರ್ಕ್ಟಿಕಾದಲ್ಲಿ, ರಾನ್ ಐಸ್ ಶೆಲ್ಫಿನ (ಸಮುದ್ರದ ಮೇಲೆ ತೇಲೋ ದಪ್ಪ ಹಿಮದ ಹಾಸು) ಪಶ್ಚಿಮ ಅಂಚಿಗೆ, ಉತ್ತರ-ದಕ್ಷಿಣವಾಗಿ ಸುಮಾರು 360 ಕಿ.ಮೀ ಉದ್ದ, 48 ಕಿ.ಮೀ ಅಗಲದ ಸಾಲು. ಮಧ್ಯೆ ಮಿನೆಸೋಟಾ ಗ್ಲೇಸಿಯರ್ ಅಡ್ಡ ಹರಿದು ಎರಡು ಭಾಗ ಮಾಡತ್ತೆ. ಉತ್ತರದ್ದು ಸೆಂಟಿನೆಲ್ ರೇಂಜ್, ದಕ್ಷಿಣದ್ದು ಹೆರಿಟೇಜ್ ರೇಂಜ್. ಪಿರಮಿಡ್ ಇರೋದು ದಕ್ಷಿಣದ ಕಡೆ, ಅದು ತಗ್ಗು, ಚದುರಿದ ಗುಡ್ಡಗಳ ಸಾಲು. ನಿಜವಾದ ದೈತ್ಯರು ಉತ್ತರದಲ್ಲಿದ್ದಾರೆ. ಮೌಂಟ್ ವಿನ್ಸನ್ 4892 ಮೀಟರ್, ಇಡೀ ಖಂಡಕ್ಕೇ ಎತ್ತರ. ಅದರಿಂದ 13 ಕಿ.ಮೀ ದೂರದಲ್ಲಿ ಮೌಂಟ್ ಟೈರೀ 4852, ಎರಡನೇ ಸ್ಥಾನ. ಮೌಂಟ್ ಶಿನ್, ಮೌಂಟ್ ಗಾರ್ಡ್ನರ್ ಎಲ್ಲಾ ಅಲ್ಲೇ ಒಂದರ ಪಕ್ಕ ಒಂದು.

ದಕ್ಷಿಣ ಧ್ರುವ ಅಲ್ಲಿಂದ ಸುಮಾರು 1200 ಕಿ.ಮೀ. ಕಾಯಂ ಜನವಸತಿ ಇರೋ ಊರು ಅಂದ್ರೆ ಚಿಲಿಯ ಪುಂಟಾ ಅರೆನಾಸ್ ಕಡೆ ಸುಮಾರು 3000 ಕಿ.ಮೀ ಹೋಗ್ಬೇಕು.

ಸುಳ್ಯದ_ಸೂರಿ:
ಮೇಷ್ಟ್ರೇ, ವಿನ್ಸನ್ 5140 ಮೀಟರ್ ಅಂತ ನಾನು ಶಾಲೆಯಲ್ಲಿ ಓದಿದ್ದು ಮಾರಾಯ್ರೆ, ಹಳೇ ಅಟ್ಲಾಸಿನಲ್ಲಿ ಈಗಲೂ ಹಾಗೇ ಉಂಟು. ಇನ್ನೂರೈವತ್ತು ಮೀಟರ್ ಎಲ್ಲಿಗೆ ಹೋಯ್ತು? ಹಿಮ ಕರಗಿತಾ?

ಮೂರ್ತಿ_ಮೇಷ್ಟ್ರು:
ಕರಗಿದ್ದಲ್ಲ, ಅಳತೆ ಸುಧಾರಿಸಿದ್ದು. ಮೊದಲ ಅಂದಾಜು 5140, ಆಮೇಲಿನ ಸರ್ವೇಯಲ್ಲಿ 4897ಕ್ಕೆ ಇಳೀತು, 2004ರಲ್ಲಿ ಒಂದು ತಂಡ ಜಿಪಿಎಸ್ ಯಂತ್ರ ಹೊತ್ಕೊಂಡು ತುದಿಗೇ ಹೋಗಿ ಕೂತು ಅಳೆದ ಮೇಲೆ 4892 ಆಯ್ತು. ಹಳೇ ಅಟ್ಲಾಸು ಬಿಸಾಡಬೇಡಿ, ಹಂಗೇ ಇಟ್ಕೊಳ್ಳಿ, ಅದೂ ಇತಿಹಾಸಾನೇ.

ನಿಶಾಚರಿ:
ಖಂಡದ ಅತಿ ಎತ್ತರದ ಬೆಟ್ಟ 1958ರ ತನಕ ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅನ್ನೋದು ನಂಗೆ ಇದರಲ್ಲಿ ಎಲ್ಲಕ್ಕಿಂತ ವಿಚಿತ್ರ ಅನ್ಸತ್ತೆ. ಎವರೆಸ್ಟ್ ಹತ್ತಿಳಿದು ಐದು ವರ್ಷ ಆಗಿತ್ತು, ಸ್ಪುಟ್ನಿಕ್ ಮೇಲೆ ಹೋಗಾಗಿತ್ತು, ಆದ್ರೆ ಇದು ಇದೆ ಅಂತಾನೇ ಗೊತ್ತಿಲ್ಲ.

ತಮಾಷೆ ಅಂದ್ರೆ ಲಿಂಕನ್ ಎಲ್ಸ್‌ವರ್ತ್ ಅನ್ನೋ ಅಮೆರಿಕನ್ ಸಾಹುಕಾರ 1935ರ ನವೆಂಬರ್ 23ಕ್ಕೇ ಪಕ್ಕದಲ್ಲಿ ಹಾರ್ಕೊಂಡು ಹೋಗಿದ್ದ. ಪೋಲಾರ್ ಸ್ಟಾರ್ ಅಂತ ಸಿಂಗಲ್ ಇಂಜಿನ್ ವಿಮಾನ, ಪೈಲಟ್ ಹಾಲಿಕ್-ಕೆನ್ಯನ್, ಇಬ್ಬರೇ. ಡಂಡೀ ದ್ವೀಪದಿಂದ ಎದ್ದು ಇಡೀ ಖಂಡ ದಾಟಿ ರಾಸ್ ಐಸ್ ಶೆಲ್ಫ್ ತಲುಪೋ ಪ್ಲಾನು. ದಾರೀಲಿ ಒಂಟಿಯಾಗಿ ನಿಂತ ಒಂದು ಸಾಲು ಕಾಣ್ತು, ಕಾವಲುಗಾರನ ಥರ ಇದೆ ಅಂತ ಸೆಂಟಿನೆಲ್ ಅಂತ ಹೆಸರಿಟ್ಟ, ವಿನ್ಸನ್ ಮಾತ್ರ ತಪ್ಪಿಸ್ಕೊಳ್ತು. ಹವಾಮಾನ ಕೆಟ್ಟು ಮಧ್ಯೆ ಮಧ್ಯೆ ಹಿಮದ ಮೇಲೆ ಇಳಿದು ಟೆಂಟ್ ಹಾಕ್ಕೊಂಡು ಕೂತು, ಕೊನೆಗೆ ಡಿಸೆಂಬರ್ 5ಕ್ಕೆ ಗುರಿ ಇನ್ನೊಂದು 25 ಕಿ.ಮೀ ಇರೋವಾಗ ಪೆಟ್ರೋಲ್ ಖಾಲಿ. ನಡ್ಕೊಂಡು ಹೋಗಿ ಖಾಲಿ ಬಿದ್ದಿದ್ದ ಲಿಟಲ್ ಅಮೆರಿಕಾ ಕ್ಯಾಂಪಲ್ಲಿ ಸೇರ್ಕೊಂಡ್ರು, ಜನವರಿಯಲ್ಲಿ ಡಿಸ್ಕವರಿ 2 ಹಡಗು ಬಂದು ಕರ್ಕೊಂಡು ಹೋಯ್ತು. ಜಗತ್ತು ಅಷ್ಟೊತ್ತಿಗೆ ಇವರು ಸತ್ತೇಹೋದ್ರು ಅಂದ್ಕೊಂಡಿತ್ತು.

ಆಮೇಲೆ 1957-58ರ ಅಂತರರಾಷ್ಟ್ರೀಯ ಭೂಭೌತ ವರ್ಷದಲ್ಲಿ ಚಾರ್ಲ್ಸ್ ಬೆಂಟ್ಲಿ ತಂಡ ನೆಲದ ಮೇಲೆ ಟ್ರ್ಯಾಕ್ಟರ್ ಥರದ ಗಾಡಿಗಳಲ್ಲಿ ಅಲ್ಲಿಗೆ ಹೋಯ್ತು, 1958ರ ಜನವರಿಯಲ್ಲಿ ಅಮೆರಿಕನ್ ನೌಕಾಪಡೆ ವಿಮಾನದವರು ವಿನ್ಸನ್ ನೋಡಿದ್ರು.

ಬೆಣ್ಣೆದೋಸೆ_ಬಾಯ್:
ವಿನ್ಸನ್ ಯಾರು, ಪೈಲಟ್ಟಾ?

ನಿಶಾಚರಿ:
ಪೈಲಟ್ ಅಲ್ಲ, ಕಾರ್ಲ್ ವಿನ್ಸನ್, ಜಾರ್ಜಿಯಾ ರಾಜ್ಯದ ಸಂಸದ. ಅಂಟಾರ್ಕ್ಟಿಕ್ ಅನ್ವೇಷಣೆಗೆ ದುಡ್ಡು ಕೊಡಿಸಿದ್ದಕ್ಕೆ ಅವರ ಹೆಸರು. ಬೆಟ್ಟ ಹತ್ತಿದವರ ಹೆಸರಿಲ್ಲ, ಬಜೆಟ್ ಪಾಸ್ ಮಾಡಿಸಿದವರ ಹೆಸರಿದೆ, ನಮ್ ಊರಿನ ಬಸ್ ಸ್ಟ್ಯಾಂಡ್ ಕಮಾನು ನೆನಪಾಯ್ತು.

ಚಾರಣಿಗ_ಚಿಕ್ಕಮಗಳೂರು:
ವಿನ್ಸನ್ ಮೊದಲು ಹತ್ತಿದ್ದು 1966ರ ಡಿಸೆಂಬರಲ್ಲಿ, ನಿಕೋಲಸ್ ಕ್ಲಿಂಚ್ ಮುಂದಾಳತ್ವದ ಅಮೆರಿಕನ್ ತಂಡ, ಹತ್ತು ಜನ. ಮೊದಲು ತುದಿ ಮುಟ್ಟಿದ ನಾಲ್ವರಲ್ಲಿ ಪೀಟ್ ಶೋನಿಂಗ್ ಇದ್ದರು, 1953ರಲ್ಲಿ ಕೆ2ನಲ್ಲಿ ಜಾರಿಬಿದ್ದ ಸಂಗಡಿಗರನ್ನ ಒಂದೇ ಹಗ್ಗದಲ್ಲಿ ಒಬ್ಬರೇ ತಡೆದು ನಿಲ್ಲಿಸಿದ ಮನುಷ್ಯ. ಅದೇ ಟ್ರಿಪ್ಪಲ್ಲಿ ಟೈರೀ, ಶಿನ್, ಗಾರ್ಡ್ನರ್ ಕೂಡ ಹತ್ತಿ ಮುಗಿಸಿದ್ರು.

ನಮ್ಮವರೂ ಹೋಗಿದ್ದಾರೆ. ಮಲ್ಲಿ ಮಸ್ತಾನ್ ಬಾಬು ತಮ್ಮ ಏಳು ಖಂಡಗಳ ಏಳು ಶಿಖರದ ಸಾಹಸ ಶುರು ಮಾಡಿದ್ದೇ ವಿನ್ಸನ್ನಿಂದ, 2006ರ ಜನವರಿಯಲ್ಲಿ. ಅರುಣಿಮಾ ಸಿನ್ಹಾ 2019ರಲ್ಲಿ ಕೃತಕ ಕಾಲಲ್ಲಿ ಹತ್ತಿದ್ರು.

ವಿನ್ಸನ್ ಟೆಕ್ನಿಕಲ್ಲಾಗಿ ಕಷ್ಟ ಅಲ್ಲ ಅಂತಾರೆ ಹೋದವರು, ಹಗ್ಗ ಕಟ್ಟಿರೋ ಇಳಿಜಾರು ಒಂದಿದೆ ಅಷ್ಟೇ, ಟೈರೀ ಮಾತ್ರ ಬೇರೆ ಲೆಕ್ಕ, ಅದನ್ನ ಹತ್ತಿರೋರು ಬೆರಳೆಣಿಕೆ. ವಿನ್ಸನಲ್ಲಿ ಕೊಲ್ಲೋದು ಚಳಿ. ಡಿಸೆಂಬರಲ್ಲಿ ಇಪ್ಪತ್ನಾಕು ಗಂಟೆ ಬಿಸಿಲಿದ್ರೂ ತುದೀಲಿ ಮೈನಸ್ 30 ಮಾಮೂಲು, ಸೂರ್ಯ ಬೆಟ್ಟದ ಹಿಂದೆ ಸರಿದ ಕೂಡಲೇ ನೆರಳಲ್ಲಿರೋ ಕ್ಯಾಂಪಲ್ಲಿ ಕೈಯಲ್ಲಿರೋ ನೀರು ಬಾಟಲ್ಲೇ ಗಟ್ಟಿ, ಹಂಗಾಗಿ ಜನ ಟೈಂಟೇಬಲ್ ಹಾಕೋದು ಗಡಿಯಾರ ನೋಡಿ ಅಲ್ಲ, ತಮ್ಮ ಟೆಂಟಿನ ಮೇಲೆ ಬಿಸಿಲು ಎಷ್ಟೊತ್ತಿಗೆ ಬೀಳತ್ತೆ ಅಂತ ನೋಡಿ.

ಗಣಿತದ_ಗೀಳು:
ಇನ್ನೊಂದು ಪಾಯಿಂಟ್. ಧ್ರುವದ ಹತ್ರ ತಣ್ಣಗಿನ ಗಾಳಿ ಕುಗ್ಗಿ ವಾತಾವರಣದ ಪದರ ತೆಳ್ಳಗಿರತ್ತೆ, ಅದಕ್ಕೇ ಅಷ್ಟೇ ಎತ್ತರಕ್ಕೆ ಹೋದ್ರೂ ಒತ್ತಡ ಕಮ್ಮಿ. 4892 ಮೀಟರ್ ಅಂತ ಬರೆದಿದ್ರೂ ಶ್ವಾಸಕೋಶಕ್ಕೆ ಅದಕ್ಕಿಂತ ಎತ್ತರದ ಹಿಮಾಲಯದಲ್ಲಿ ಇದ್ದಂಗೆ.

ತೆಂಗಿನಗರಿ:
ಸೂಪರ್ ಮಾಹಿತಿ. ಇದು ಅಂಟಾರ್ಕ್ಟಿಕಾದಲ್ಲಿರೋ ನಮ್ ಭಾರತದ ಸಂಶೋಧನಾ ಕೇಂದ್ರ ಮೈತ್ರಿ ಸ್ಟೇಷನ್ನಿಗೆ ಹತ್ರಾನಾ? ನಮ್ ವಿಜ್ಞಾನಿಗಳು ಹೋಗಿ ಆ ಪಿರಮಿಡ್ ನೋಡ್ಕೊಂಡು ಬಂದಿರಬಹುದಲ್ವಾ?

ಕಡಲ_ಕಿನಾರೆ:
ಹತ್ರ ಎಲ್ಲಿ ಬಂತು 😄 ನಮ್ ಚಿಕ್ಕಪ್ಪ ಮೈತ್ರಿಯಲ್ಲಿ ಒಂದು ಚಳಿಗಾಲ ಕಳೆದವರು, ಅವರ ಹತ್ರ ನಕ್ಷೆ ನೋಡಿದೀನಿ. ಮೈತ್ರಿ ಇರೋದು ಖಂಡದ ಇನ್ನೊಂದು ಮಗ್ಗುಲಲ್ಲಿ, ಶಿರ್ಮಾಕರ್ ಓಯಸಿಸ್ ಅಂತ ಜಾಗದಲ್ಲಿ. ವಿನ್ಸನ್ನಿಗೂ ಅದಕ್ಕೂ ಎರಡೂವರೆ ಸಾವಿರ ಕಿಲೋಮೀಟರ್ ಮೇಲಿದೆ, ಬೆಂಗಳೂರಿಂದ ದಿಲ್ಲಿಗಿಂತ ದೂರ, ಮಧ್ಯೆ ಒಂದು ಪೆಟ್ರೋಲ್ ಬಂಕೂ ಇಲ್ಲ. ನಮ್ ಜಿಯಾಲಜಿಕಲ್ ಸರ್ವೇಯವರು ಕೆಲಸ ಮಾಡಿರೋದು ಮೈತ್ರಿಯ ದಕ್ಷಿಣಕ್ಕಿರೋ ವೋಲ್ತಾಟ್ ಬೆಟ್ಟಗಳಲ್ಲಿ. ಚಿಕ್ಕಪ್ಪ ಹೇಳೋರು, ಹವಾ ಚೆನ್ನಾಗಿದ್ರೆ ದಿಗಂತದಲ್ಲಿ ಅವು ಕಾಣ್ತವೆ, ಇಲ್ಲೇ ಪಕ್ಕದಲ್ಲಿ ಇದಾವೇನೋ ಅನ್ನೋ ಹಂಗೆ, ಆದ್ರೆ ಗಾಡೀಲಿ ಹೋದ್ರೆ ಎಷ್ಟು ಹೋದ್ರೂ ಅಷ್ಟೇ ದೂರ. ಗಾಳೀಲಿ ಧೂಳೂ ಇಲ್ಲ ಹಬೆಯೂ ಇಲ್ಲ, ಕಣ್ಣಿಗೆ ದೂರಾನೇ ತಿಳಿಯಲ್ವಂತೆ.

ಮಂಡ್ಯದ್_ಗಂಡು:
ಚಿಕ್ಕಪ್ಪಂಗೆ ಅಲ್ಲಿ ಮುದ್ದೆ ಸಿಗ್ತಿತ್ತಾ

ಕಡಲ_ಕಿನಾರೆ:
ನಾವು ಕುಚಲಕ್ಕಿ ಪಾರ್ಟಿ ಅಣ್ಣಾ. ಉಪ್ಪಿನಕಾಯಿ ಭರಣಿ ಮಾತ್ರ ಇಲ್ಲಿಂದಾನೇ ಹೋಗಿತ್ತು.

ಕಲ್ಲುಬಂಡೆ:
ಮೈತ್ರಿ ಸಂಬಂಧ ಇಲ್ಲ, ಆದ್ರೆ ಭಾರತದ ಸಂಬಂಧ ಬೇರೆ ದಾರೀಲಿ ಇದೆ, ಅದು ಇದಕ್ಕಿಂತ ಮಜಾ.

ಎಲ್ಸ್‌ವರ್ತ್ ಸಾಲು ಅಲ್ಲಿಗೆ ಸೇರಿದ್ದೇ ಅಲ್ಲ. ಖಂಡದ ಉದ್ದಕ್ಕೂ ಟ್ರಾನ್ಸ್‌ಅಂಟಾರ್ಕ್ಟಿಕ್ ಪರ್ವತಗಳು ಒಂದು ದಿಕ್ಕಲ್ಲಿ ಹೋಗಿದ್ರೆ ಇದು ಅದಕ್ಕೆ ಹೆಚ್ಚುಕಮ್ಮಿ ಅಡ್ಡಡ್ಡ ನಿಂತಿದೆ. ಬಂಡೆಯ ಒಳಗೆ ಉಳಿದಿರೋ ಹಳೇ ಕಾಂತೀಯ ದಿಕ್ಕನ್ನ ಅಳೆದು ನೋಡಿದಾಗ ಈ ಇಡೀ ತುಂಡು ಸುಮಾರು 90 ಡಿಗ್ರಿ ತಿರುಗಿದೆ ಅಂತ ಗೊತ್ತಾಯ್ತು. ಗೊಂಡ್ವಾನಾ ಕಾಲದಲ್ಲಿ, ಅಂದ್ರೆ ಭಾರತ, ಆಫ್ರಿಕಾ, ಅಂಟಾರ್ಕ್ಟಿಕಾ ಎಲ್ಲಾ ಒಂದೇ ದೊಡ್ಡ ಖಂಡವಾಗಿದ್ದಾಗ, ಇದು ದಕ್ಷಿಣ ಆಫ್ರಿಕಾದ ಹತ್ರ ಇತ್ತು, ಕೇಪ್ ಕಡೆಯ ಮಡಿಕೆ ಬೆಟ್ಟಗಳ ಸಾಲಿನ ಮುಂದುವರಿಕೆ, ಗೊಂಡ್ವಾನಾ ಒಡೆಯೋವಾಗ ಪಕ್ಕಕ್ಕೆ ತಿರುಗಿ ಜಾರಿ ಈಗಿನ ಜಾಗಕ್ಕೆ ಬಂದು ಕೂತಿದೆ.

ಪುರಾವೆ ಬಂಡೆಗಳಲ್ಲೇ ಇದೆ. ಅಲ್ಲಿ ವೈಟ್‌ಔಟ್ ಕಾಂಗ್ಲೊಮರೇಟ್ ಅಂತ ಒಂದು ದಪ್ಪ ಪದರ, ಸುಮಾರು 30 ಕೋಟಿ ವರ್ಷ ಹಿಂದೆ ಹಿಮನದಿಗಳು ತಂದು ಸುರಿದ ಕೆಸರು, ಕಲ್ಲುಗುಂಡು ಎಲ್ಲಾ ಕಲಸಿ ಗಟ್ಟಿಯಾಗಿದ್ದು. ಅದೇ ವಯಸ್ಸಿನ ಅದೇ ಥರದ್ದು ದಕ್ಷಿಣ ಆಫ್ರಿಕಾದಲ್ಲಿ ಡ್ವೈಕಾ, ನಮ್ಮಲ್ಲಿ ಒಡಿಶಾದ ತಾಲ್ಚೇರ್ ಬೋಲ್ಡರ್ ಬೆಡ್. ಅದರ ಮೇಲೆ ಪೋಲಾರ್‌ಸ್ಟಾರ್ ಫಾರ್ಮೇಶನ್, ಸೆಂಟಿನೆಲ್ ರೇಂಜಿನ ಉತ್ತರ ತುದೀಲಿ, ಅದರಲ್ಲಿ ಗ್ಲಾಸಾಪ್ಟೆರಿಸ್ ಅನ್ನೋ ಆ ಕಾಲದ ಮರದ ಎಲೆ ಪಳೆಯುಳಿಕೆ. ಝರಿಯಾ, ರಾಣಿಗಂಜ್, ಸಿಂಗರೇಣಿ, ಎಲ್ಲಾ ಕಲ್ಲಿದ್ದಲೂ ಆ ಮರಗಳ ಕಾಡುಗಳದ್ದೇ.

ನಾನು ಎಂಎಸ್ಸಿಯಲ್ಲಿ ಫೀಲ್ಡಿಗೆ ಹೋದಾಗ ಒಂದು ಕಲ್ಲಿದ್ದಲು ಗಣಿ ಪಕ್ಕದ ರಾಶೀಲಿ ಶೇಲ್ (ಕೆಸರು ಪದರ ಪದರವಾಗಿ ಗಟ್ಟಿಯಾದ ಕಲ್ಲು) ಚಪ್ಪಡಿ ಎತ್ಕೊಂಡು ಅಂಚಿಗೆ ಸುತ್ತಿಗೇಲಿ ಮೆಲ್ಲಗೆ ತಟ್ಟಿದ್ರೆ ಪುಸ್ತಕ ತೆಗೆದಂಗೆ ಎರಡಾಗಿ ಬಿಚ್ಕೊಳ್ತು, ಒಳಗೆ ನಾಲಿಗೆ ಆಕಾರದ ಎಲೆ, ಮಧ್ಯದ ನರ ಎದ್ದು ಕಾಣ್ತಿದೆ, ಅದರಿಂದ ಎರಡೂ ಕಡೆ ಬಲೆ ಥರ ಸಣ್ಣ ನರಗಳು, ಕೈ ಹಿಡಿದ್ರೆ ಬೆರಳಿಗೆ ಕಪ್ಪು ಮಸಿ. ಅದೇ ಜಾತಿ ಎಲೆ ಸೆಂಟಿನೆಲ್ ರೇಂಜಿನ ಕಪ್ಪು ಶೇಲಲ್ಲೂ ಸಿಗತ್ತೆ. ದೊಡ್ಡಪ್ಪಂಗೆ ಇದನ್ನ ಹೇಳಿ, ಹತ್ತು ಸಾವಿರ ವರ್ಷ ಏನ್ ಮಹಾ.

ಸಂಶಯ_ಸಿದ್ದ:
ಒಂದೊಂದು ಕಡೆ "90 ಡಿಗ್ರಿ ತಿರುಗಿದೆ" ಅಂತಾರೆ, ಒಂದು ಬೆಟ್ಟಸಾಲು ಗಿರಗಿಟ್ಲೆ ಥರ ತಿರುಗತ್ತಾ? ನನಗೇನೋ ಇದೂ ಮಯಾಸುರನ ಕಥೆಗಿಂತ ಜಾಸ್ತಿ ನಂಬೋ ಹಾಗಿಲ್ಲ.

ಕಲ್ಲುಬಂಡೆ:
ಸಿದ್ದಣ್ಣ, ಬೆಟ್ಟ ಒಂದೇ ತಿರುಗಿದ್ದಲ್ಲ, ಅದರ ಕೆಳಗಿನ ಭೂಚಿಪ್ಪಿನ ತುಂಡು ಪೂರ್ತಿ ತಿರುಗಿದ್ದು, ಕೋಟಿಗಟ್ಲೆ ವರ್ಷ ತಗೊಂಡು. ಲಾವಾ ಮತ್ತು ಕೆಸರಲ್ಲಿರೋ ಕಬ್ಬಿಣದ ಖನಿಜದ ಕಣಗಳು ಗಟ್ಟಿಯಾಗೋವಾಗ ಆಗಿನ ಉತ್ತರ ದಿಕ್ಕು ಹಿಡ್ಕೊಂಡು ಹಂಗೇ ಕೂತ್ಬಿಡ್ತವೆ. ಈಗ ಅಳೆದ್ರೆ ಅವು ತೋರಿಸೋ ದಿಕ್ಕು, ಅದೇ ವಯಸ್ಸಿನ ಪಕ್ಕದ ಪ್ರದೇಶದ ಬಂಡೆ ತೋರಿಸೋ ದಿಕ್ಕಿಗೆ ಹೊಂದಲ್ಲ. ಹೊಂದಿಸ್ಬೇಕಂದ್ರೆ ಇಡೀ ತುಂಡನ್ನ ತಿರುಗಿಸ್ಬೇಕು, ತಿರುಗಿಸಿದ ಮೇಲೆ ಮಡಿಕೆಗಳೂ ಪದರಗಳೂ ಆಫ್ರಿಕಾ ಕಡೆಯವಕ್ಕೆ ತಾಳೆ ಆಗ್ತವೆ. ಒಂದೇ ಪುರಾವೆ ಆಗಿದ್ರೆ ಅನುಮಾನ ಪಡಿ, ಮೂರು ಕಡೆಯಿಂದ ಒಂದೇ ಉತ್ತರ ಬರ್ತಿದೆ.

ಸಂಶಯ_ಸಿದ್ದ:
ಸರಿ, ತುದೀಲಿ ಇರೋ ಬಂಡೆ ಯಾವ್ದು ಹಾಗಾದ್ರೆ

ಕಲ್ಲುಬಂಡೆ:
ವಿನ್ಸನ್ ಕಡೆ ಕ್ವಾರ್ಟ್ಸೈಟ್, ಕ್ರಾಶ್‌ಸೈಟ್ ಗ್ರೂಪ್. ಹಳೇ ಸಮುದ್ರದಂಚಿನ ಮರಳು ಒತ್ತಡಕ್ಕೆ ಗಟ್ಟಿಯಾಗಿ ಕಬ್ಬಿಣದಂತಾಗಿದ್ದು. ಸವೆಯಲ್ಲ, ಅದಕ್ಕೇ ಅಷ್ಟೆತ್ತರ ಉಳಿದಿದೆ. ಹೆರಿಟೇಜ್ ಕಡೆ ಇನ್ನೂ ಹಳೇ, ಸುಮಾರು 50 ಕೋಟಿ ವರ್ಷದ ಕೇಂಬ್ರಿಯನ್ ಪದರ, ಸುಣ್ಣಕಲ್ಲು ಅಮೃತಶಿಲೆ ಆಗಿರೋದು, ಟ್ರೈಲೋಬೈಟ್ ಅನ್ನೋ ಹಳೇ ಸಮುದ್ರಜೀವಿಯ ಪಳೆಯುಳಿಕೆ ಕೂಡ ಸಿಕ್ಕಿವೆ.

ಗಣಿತದ_ಗೀಳು:
ಯಾರೂ ಪಕ್ಕದ ಹಳ್ಳದ ಬಗ್ಗೆ ಹೇಳ್ಲೇ ಇಲ್ಲ! ಸೆಂಟಿನೆಲ್ ರೇಂಜಿನ ಪೂರ್ವಕ್ಕೆ ರಟ್‌ಫರ್ಡ್ ಐಸ್ ಸ್ಟ್ರೀಮ್ ಅನ್ನೋ ವೇಗದ ಹಿಮದ ಹೊಳೆ ಹರಿಯತ್ತೆ, ದಿನಕ್ಕೆ ಸುಮಾರು ಒಂದು ಮೀಟರ್ ವೇಗದಲ್ಲಿ ರಾನ್ ಐಸ್ ಶೆಲ್ಫಿಗೆ ಹೋಗಿ ಸೇರತ್ತೆ. 2019ರ ಜನವರಿಯಲ್ಲಿ ಬ್ರಿಟಿಷ್ ಅಂಟಾರ್ಕ್ಟಿಕ್ ಸರ್ವೇಯವರು ಬಿಸಿನೀರು ಚಿಮ್ಮಿಸಿ ಅದರಲ್ಲಿ ತಳದವರೆಗೂ ತೂತು ಕೊರೆದ್ರು, 2152 ಮೀಟರ್ ಹಿಮ. ಅಂದ್ರೆ ತಳ ಸಮುದ್ರಮಟ್ಟಕ್ಕಿಂತ ಹೆಚ್ಚುಕಮ್ಮಿ 2 ಕಿ.ಮೀ ಕೆಳಗೆ. ಅಲ್ಲಿಂದ ವಿನ್ಸನ್ ತುದಿ ನೋಡಿ, ಸುಮಾರು 7 ಕಿ.ಮೀ ಏರು. ಹಿಮ ತುಂಬಿರೋದಕ್ಕೆ ನಮಗೆ ಅದರಲ್ಲಿ ಕೆಳಗಿನ ಎರಡು ಕಿ.ಮೀ ಕಾಣಲ್ಲ.

ಪಶ್ಚಿಮ ಅಂಟಾರ್ಕ್ಟಿಕಾದ ಕಥೆನೇ ಇದು, ನೆಲ ಬಹುತೇಕ ಸಮುದ್ರಮಟ್ಟಕ್ಕಿಂತ ಕೆಳಗಿದೆ, ಬೆಂಟ್ಲಿ ಕಂದಕ ಅಂತೂ ಎರಡೂವರೆ ಕಿ.ಮೀ ಆಳ. ಈ ಬೆಟ್ಟಸಾಲು ಒಡ್ಡಿನ ಹಾಗೆ ನಿಂತು ಪಶ್ಚಿಮದ ಹಿಮ ಸೀದಾ ರಾನ್ ಕಡೆ ನುಗ್ಗದಂಗೆ ತಡೀತಾ ಇದೆ. ನಿಮಿಟ್ಜ್, ಮಿನೆಸೋಟಾ ಗ್ಲೇಸಿಯರ್‌ಗಳು ಸಂದೀಲಿ ನುಸುಳಿಕೊಂಡು ಹೋಗ್ತವೆ.

ಹುಬ್ಬಳ್ಳಿ_ಹೈದ:
ಮತ್ತ ಹಿಮ ಎಲ್ಲಾ ಕರಗಿದ್ರ ಅದು ದ್ವೀಪ ಆಕ್ಕೈತಿ ಅಂದಂಗಾತು.

ಗಣಿತದ_ಗೀಳು:
ಸುತ್ತ ಸಮುದ್ರ ಇರೋ ಉದ್ದನೆ ದ್ವೀಪ, ಹೌದು. ಭಾರ ಇಳಿದ ಮೇಲೆ ನೆಲ ನಿಧಾನಕ್ಕೆ ಮೇಲೂ ಬರತ್ತೆ, ಆದ್ರೆ ಅದಕ್ಕೆ ಸಾವಿರಾರು ವರ್ಷ ಬೇಕು.

ಏರ್‌ಪೋರ್ಟ್_ರೋಡ್:
ವಿಮಾನದ ಹುಚ್ಚಿರೋರಿಗೆ: ಯೂನಿಯನ್ ಗ್ಲೇಸಿಯರಲ್ಲಿ ರನ್‌ವೇ ಯಾರೂ ಕಟ್ಟಿಲ್ಲ, ಬರೀ ನೀಲಿ ಹಿಮ. ಬೆಟ್ಟ ದಾಟಿ ಇಳಿಯೋ ಗಾಳಿ ಮೇಲಿನ ಹೊಸ ಹಿಮಾನೆಲ್ಲ ಗುಡಿಸಿ ಹಾಕಿ, ಉಳಿದದ್ದನ್ನ ಸೀದಾ ಆವಿ ಮಾಡಿಬಿಡತ್ತೆ, ಕೆಳಗಿನ ಗಟ್ಟಿ ಹಳೇ ಹಿಮ ಗಾಳಿಗುಳ್ಳೆ ಎಲ್ಲಾ ಹಿಂಡಿಹೋಗಿ ನೀಲಿಯಾಗಿ ಹೊಳೆಯತ್ತೆ. ಚಕ್ರದ ವಿಮಾನ ಇಳಿಯುವಷ್ಟು ಗಟ್ಟಿ. ಇಲ್ಯೂಶಿನ್-76 ಥರದ ದೈತ್ಯ ಪುಂಟಾ ಅರೆನಾಸಿಂದ ನಾಲ್ಕೂವರೆ ಗಂಟೆ ಹಾರಿ ಬಂದು ಇಳೀತಿತ್ತು, ಬ್ರೇಕ್ ಹಾಕಿದ್ರೆ ಜಾರತ್ತೆ, ಹಂಗಾಗಿ ಇಂಜಿನ್ ರಿವರ್ಸ್ ಕೊಟ್ಟೇ ನಿಲ್ಲಿಸ್ಬೇಕು, ಕಿಲೋಮೀಟರ್‌ಗಟ್ಲೆ ಓಡತ್ತೆ. ಅಲ್ಲಿಂದ ವಿನ್ಸನ್ ಬೇಸ್‌ಗೆ ಸ್ಕೀ ಹಾಕಿರೋ ಸಣ್ಣ ಟ್ವಿನ್ ಆಟರ್.

ಬೆಣ್ಣೆದೋಸೆ_ಬಾಯ್:
ಖರ್ಚೆಷ್ಟು ಗುರು

ಚಾರಣಿಗ_ಚಿಕ್ಕಮಗಳೂರು:
ಐವತ್ತು ಸಾವಿರ ಡಾಲರ್ ಆಸುಪಾಸು, ಅದ್ರಲ್ಲಿ ಬಹುಪಾಲು ವಿಮಾನಕ್ಕೇ. ಗಾಳಿ ಬಂದ್ರೆ ವಾರಗಟ್ಲೆ ಕಾಯ್ಬೇಕು, ಊಟ ಕ್ಯಾಂಪಲ್ಲಿ.

ಸುಳ್ಯದ_ಸೂರಿ:
ಈ ಜಾಗ ಯಾರದ್ದು ಅಂತ ಎಂತದಾದ್ರೂ ಉಂಟಾ? ಪಾಸ್‌ಪೋರ್ಟಿಗೆ ಯಾರ ಸೀಲು?

ಮೂರ್ತಿ_ಮೇಷ್ಟ್ರು:
ಯಾರದ್ದೂ ಅಲ್ಲ, ಹಕ್ಕು ಹೇಳೋರು ಇದ್ದಾರೆ. ಬ್ರಿಟನ್ನಿನ ಹಕ್ಕು 80 ಡಿಗ್ರಿ ಪಶ್ಚಿಮಕ್ಕೆ, ಅರ್ಜೆಂಟೀನಾದ್ದು 74ಕ್ಕೆ ನಿಲ್ಲತ್ತೆ, ಚಿಲಿಯದ್ದು 90ರ ತನಕ ಹೋಗತ್ತೆ. ವಿನ್ಸನ್ ಇರೋದು 85ರ ಹತ್ರ, ಹಂಗಾಗಿ ಚಿಲಿ ಒಂದೇ ಹಕ್ಕು ಹೇಳತ್ತೆ. 1959ರ ಅಂಟಾರ್ಕ್ಟಿಕ್ ಒಪ್ಪಂದ ಈ ಎಲ್ಲ ಹಕ್ಕುಗಳನ್ನ ಇದ್ದಲ್ಲೇ ನಿಲ್ಲಿಸಿದೆ, ಯಾರೂ ಹೊಸದಾಗಿ ಕೇಳೋ ಹಾಗಿಲ್ಲ. 1991ರ ಮ್ಯಾಡ್ರಿಡ್ ಪ್ರೋಟೊಕಾಲಲ್ಲಿ ಗಣಿಗಾರಿಕೆಯೂ ನಿಷೇಧ, 1998ರಿಂದ ಜಾರಿ. ಭಾರತ 1983ರಲ್ಲಿ ಒಪ್ಪಂದ ಸೇರ್ತು, 2022ರಲ್ಲಿ ನಮ್ಮದೇ ಭಾರತೀಯ ಅಂಟಾರ್ಕ್ಟಿಕ್ ಕಾಯ್ದೆನೂ ಬಂತು.

ಮಂಡ್ಯದ್_ಗಂಡು:
ಗಣಿ ನಿಷೇಧನಾ? ಬಳ್ಳಾರಿ ಕಡೆಯವರ್ಗೆ ಹೇಳ್ಬೇಡಿ, ಬೇಜಾರಾಯ್ತದೆ

ಅಡ್ಮಿನ್:
ರಾಜಕೀಯಕ್ಕೆ ಬೇರೆ ಚರ್ಚೆ ಇದೆ, ಇಲ್ಲಿ ಬೇಡ.

ನಿಶಾಚರಿ:
ನಕ್ಷೆ ಝೂಮ್ ಮಾಡ್ತಾ ಒಂದ್ ಅನುಮಾನ. ಸೆಂಟಿನೆಲ್ ರೇಂಜ್ ತುಂಬಾ ಪ್ರೊಬುಡಾ ರಿಡ್ಜ್, ಮಾಗ್ಲೆನಿಕ್ ಹೈಟ್ಸ್, ಡೊಯ್ರಾನ್ ಹೈಟ್ಸ್ ಅಂತೆಲ್ಲಾ ಇದೆ, ಅಮೆರಿಕನ್ ಹೆಸರಂತೂ ಅಲ್ಲ. ಯಾರು ಇಟ್ಟಿದ್ದು?

ಮೂರ್ತಿ_ಮೇಷ್ಟ್ರು:
ಬಲ್ಗೇರಿಯಾ. ಅವರಿಗೆ ಇದಕ್ಕಂತಲೇ ಒಂದು ಆಯೋಗ ಇದೆ, ಈ ಬೆಟ್ಟಗಳಲ್ಲಿ ಹೆಸರಿಲ್ಲದ ಗಲ್ಲಿಗಲ್ಲಿಗೂ ತಮ್ಮ ಊರು, ಕೋಟೆ, ನದಿ ಹೆಸರು ಇಟ್ಟಿದ್ದಾರೆ, ಜೊತೆಗೆ ವಿವರವಾದ ನಕ್ಷೆನೂ ಪ್ರಕಟಿಸಿದ್ದಾರೆ. ಕೆಲಸ ಮಾಡಿದವರು ಹೆಸರಿಡ್ತಾರೆ, ತಪ್ಪೇನಿಲ್ಲ.

ಹುಬ್ಬಳ್ಳಿ_ಹೈದ:
ನಾವು ಇಟ್ಟಿರೋದು ಏನರ ಅದಾವೇನ್ರಿ ಆ ಕಡೆ?

ಕಡಲ_ಕಿನಾರೆ:
ಎಲ್ಸ್‌ವರ್ತ್ ಕಡೆ ಇಲ್ಲ. ನಮ್ಮದೆಲ್ಲಾ ಪೂರ್ವದ ಕಡೆ, ದಕ್ಷಿಣ ಗಂಗೋತ್ರಿ, ಮೈತ್ರಿ ಪಕ್ಕದ ಪ್ರಿಯದರ್ಶಿನಿ ಕೆರೆ. ಅಲ್ಲಿ ಇವರು ಕುಡಿಯೋಕೆ ನೀರು ತಗೊಳ್ಳೋದೇ ಆ ಕೆರೆಯಿಂದ.